ವಾರಗಿತ್ತಿಯ ಹೆಪ್ಪು

ನಮ್ಮೂರಿಗೆ ಸೊಸೆಯಾಗಿ ಬರುವವಳು ತವರಿನಿಂದ ಬೆಂಕಿ ತರಬೇಕು. ತವರಿನ ಗುಡ್ಡದ ಬಾಯಿಂದ ತೋಡಿದ ಕಲ್ಲುರಸ ಒಂದು ಗಡಿಗೆ, ಮೇಲೆ ಬೂದಿ ಮುಚ್ಚಿ, ಬಾಳೆಪಟ್ಟೆಯ ದಪ್ಪ ಸಿಂಬಿಯ ಮೇಲೆ ಹೊತ್ತು ತರುವುದು. ಗಂಡನ ಮನೆಯ ಹಿತ್ತಿಲಲ್ಲಿ ಮೊದಲೇ ಗುಂಡಿ ತೋಡಿಟ್ಟಿರುತ್ತಾರೆ. ಅದರೊಳಗೆ ರಸ ಬಿದ್ದ ಮೇಲೆಯೇ ಅವಳು ಆ ಮನೆಯವಳು. ಮೊದಲ ಕೂಸು ಅಂಬೆಗಾಲಿಡುವ ಹೊತ್ತಿಗೆ ಗುಂಡಿಯಿದ್ದಲ್ಲಿ ಮೊಣಕಾಲೆತ್ತರದ ಗುಡ್ಡ ಎದ್ದಿರುತ್ತದೆ. ಕೂಸು ಮಾತು ಕಲಿಯುವಷ್ಟರಲ್ಲಿ ಅದು ಸೂರು ದಾಟಿರುತ್ತದೆ. ಆಮೇಲೆ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಮೊಸರು ಹೇಗೋ ಹಾಗೆ, ಹೆಪ್ಪು ಎಂಥದೋ ಗುಡ್ಡವೂ ಅಂಥದೇ. ಅದಕ್ಕೇ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಹಿತ್ತಿಲು ನೋಡುತ್ತಾರೆ.

ನನ್ನ ತವರು ಬೆಣಚುಕಲ್ಲಿನ ಸೀಮೆ. ಎಲ್ಲಿ ಅಗೆದರೂ ಬೆಳ್ಳಗೆ ಹೊಳೆಯುವ ಕಲ್ಲು. ಆ ಬೆಣಚೆಲ್ಲ ಕರಗಿ ಸೇರಿದ ರಸ ಬಲು ಗಟ್ಟಿ. ಗಡಿಗೆ ಬಗ್ಗಿಸಿದರೆ ಸುರಿಯುವುದಿಲ್ಲ, ನೆನೆಸಿದ ಮರದ ಸೌಟಿನಿಂದ ಮುದ್ದೆ ಕೀಳುವ ಹಾಗೆ ಕಿತ್ತು ಹಾಕಬೇಕು. ಬಣ್ಣವೂ ಮಂಕು ಕೆಂಪು. ನಾನು ಗಡಿಗೆ ಇಳಿಸಿದ ದಿನ ನಮ್ಮತ್ತೆ ಬಗ್ಗಿ ನೋಡಿ, "ಇದೇನವ್ವಾ, ನಿಮ್ಮವ್ವ ಹಿಟ್ಟು ತಿರುವಿ ಕಳಿಸವ್ಳೆ" ಅಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಹೊಸ ಸೊಸೆ, ಇನ್ನೇನು ಮಾಡಲಿ.

ಗುಡ್ಡವೇನೋ ಎದ್ದಿತು, ಆದರೆ ಹರಿಯಲಿಲ್ಲ. ಗಟ್ಟಿ ರಸ ಬಾಯಿಂದ ಹೊರಬಂದು ಅಲ್ಲಲ್ಲೇ ಗುಪ್ಪೆ ಬೀಳುತ್ತಿತ್ತು, ಅದರ ಮೇಲೆ ಇನ್ನೊಂದು ಗುಪ್ಪೆ. ಹಾಗೆ ಚೂಪಾಗಿ, ಮೇಕೆಯೂ ಹತ್ತಲಾರದಷ್ಟು ಕಡಿದಾಗಿ ಬೆಳೆಯಿತು. ನೆತ್ತಿಯ ಮೇಲೆ ಬೋಗುಣಿ ಬೋರಲು ಹಾಕಿದಂಥ ಬೂದುಬಣ್ಣದ ಕಲ್ಲು. ಅದರ ಸಂದಿಯಿಂದ ಒಂದು ಎಳೆ ಹೊಗೆ, ಆಗೀಗ ಬುಸ್ ಎಂಬ ಸದ್ದು. ಅದರಿಂದ ನಮಗೆ ಸಿಗುತ್ತಿದ್ದದ್ದು ಎರಡೇ: ಹಿಮ್ಮಡಿ ಉಜ್ಜುವ ತೇಲುಗಲ್ಲು, ಮತ್ತೆ ಕಪ್ಪು ಗಾಜುಗಲ್ಲು. ಊರಲ್ಲಿ ಯಾವ ಮನೆಯಲ್ಲಿ ಹೆರಿಗೆಯಾದರೂ ಹೊಕ್ಕುಳಬಳ್ಳಿ ಕೊಯ್ಯಲು ನನ್ನ ಗುಡ್ಡದ ಗಾಜುಚೂರು ಬೇಕಿತ್ತು. ಬಂದು ಕೇಳಿ ಇಸಿದುಕೊಂಡು, ನಿಂತ ಕಾಲಲ್ಲೇ ಹೋಗುತ್ತಿದ್ದರು. ಕೂತುಕೊಳ್ಳಿ ಅಂದರೆ ಗುಡ್ಡದ ಕಡೆ ಒಮ್ಮೆ ನೋಡಿ, "ಇನ್ನೊಂದಿನ ಬತ್ತೀನಿ ಕಣಕ್ಕ" ಅನ್ನುವರು.

ಅವರ ಹೆದರಿಕೆ ಸುಳ್ಳಲ್ಲ. ಗಂಜಿ ಕುದಿಯುವಾಗ ಗುಳ್ಳೆ ಎದ್ದು ಮೆಲ್ಲಗೆ ಒಡೆಯುತ್ತದೆ. ಹಿಟ್ಟು ಕುದಿಯುವಾಗ ಹಾಗಲ್ಲ, ಉಸಿರು ಒಳಗೇ ಸಿಕ್ಕಿಕೊಂಡು, ಉಬ್ಬಿ, ತೊಪ್ ಎಂದು ಹಾರಿ ಕೈ ಸುಡುತ್ತದೆ. ಗಟ್ಟಿ ಗುಡ್ಡವೂ ಹಾಗೆಯೇ ಉಸಿರು ಹಿಡಿದು ಕೂತಿರುತ್ತದೆ, ಒಂದು ತಲೆಮಾರು ಬೇಕಾದರೂ ಕೂತೀತು. ನಾನು ಲಂಗ ಉಡುವ ವಯಸ್ಸಿನಲ್ಲಿ ತವರಲ್ಲಿ ಪಕ್ಕದ ಮನೆಯ ಗುಡ್ಡ ಒಡೆಯಿತು. ಹಿಟ್ಟಿನ ಮೂಟೆ ಬಾಯಿ ಬಿಚ್ಚಿ ಮಗುಚಿದ ಹಾಗೆ ಬೂದಿಯ ಮೋಡ ಇಳಿಜಾರು ಹಿಡಿದು ಹಳ್ಳದ ಗುಂಟ ಓಡಿತು. ಮೋಡ ಅನ್ನುವುದು ಬಾಯಿಮಾತಿಗೆ, ಒಳಗೆಲ್ಲ ಕೆಂಡ. ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೆ ಎದ್ದು ನಿಲ್ಲುವಷ್ಟೂ ಹೊತ್ತು ಸಿಗಲಿಲ್ಲ. ನಮ್ಮ ದೊಡ್ಡಕ್ಕ ಅವರ ಜೊತೆಗಿದ್ದಳು. ಅದಾದ ಮೇಲೆ ನಮ್ಮವ್ವ ನನಗೆ ಅಡುಗೆ ಕಲಿಸುವ ಮುಂಚೆ ಹರಿವಾಣ ನೋಡುವುದನ್ನು ಕಲಿಸಿದಳು. ಹೊಸ್ತಿಲ ಪಕ್ಕದ ಚಪ್ಪಡಿಯ ಮೇಲೆ ಅಗಲದ ಹರಿವಾಣ ಇಟ್ಟು ಅಂಚಿನ ಗೀರಿನವರೆಗೆ ನೀರು ತುಂಬಿಸುವುದು. ಗುಡ್ಡ ಉಬ್ಬಿದರೆ ನೆಲ ಓರೆಯಾಗುತ್ತದೆ, ನೀರು ಗುಡ್ಡದ ಕಡೆಯ ಅಂಚು ಬಿಟ್ಟು ಎದುರಿನ ಅಂಚಿಗೆ ಬರುತ್ತದೆ. ಗಂಡನ ಮನೆಯಲ್ಲಿ ನಾನು ಕಣ್ಣು ತೆರೆದ ಎಲ್ಲ ಬೆಳಗೂ ಮೊದಲು ನೋಡಿದ್ದು ಆ ನೀರನ್ನು. ಗಂಡನ ಮುಖವನ್ನೂ ಅಲ್ಲ, ಮಕ್ಕಳ ಮುಖವನ್ನೂ ಅಲ್ಲ.

ನನ್ನ ಮಗಳು ಸೋಮಕ್ಕ ಮೊಲೆ ಬಿಟ್ಟ ವರ್ಷ ಮೈದುನನಿಗೆ ಮದುವೆಯಾಯಿತು. ವಾರಗಿತ್ತಿಯಾಗಿ ಬಂದವಳು ಚೆನ್ನಾಜಿ. ಅವಳ ತವರು ಕಪ್ಪುಕಲ್ಲಿನ ಸೀಮೆ, ಅಲ್ಲಿ ಬೆಣಚು ಹುಡುಕಿದರೂ ಸಿಗದು. ಪಕ್ಕದ ಹಿತ್ತಿಲಿನ ಗುಂಡಿಯ ಮುಂದೆ ನಿಂತು ಅವಳು ಗಡಿಗೆಯನ್ನು ಒಂದು ಕಡೆ ವಾಲಿಸಿದಳು, ಅಷ್ಟೆ. ಜೋನಿಬೆಲ್ಲದ ಹಾಗೆ ತೆಳ್ಳಗೆ, ಒಂದೇ ಧಾರೆ, ಹೊಂಬಣ್ಣ. ನಿಂತಿದ್ದ ಹೆಂಗಸರೆಲ್ಲ "ಆಹಾ" ಅಂದರು. ನಮ್ಮತ್ತೆ ಅವಳ ಗಲ್ಲ ಹಿಡಿದು ನೆಟಿಕೆ ಮುರಿದರು. ಬಿಸಿ ನೋಡಿದರೆ ಅವಳ ರಸವೇ ನನ್ನದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಆದರೂ ಜನ ಹೆದರಿದ್ದು ನನ್ನದಕ್ಕೆ, ಕೈ ಕಾಯಿಸಿಕೊಂಡದ್ದು ಅವಳದಕ್ಕೆ. ಆವತ್ತು ನನ್ನ ಹೊಟ್ಟೆಯಲ್ಲಿ ಹತ್ತಿಕೊಂಡದ್ದು ಇನ್ನೂ ಆರಿಲ್ಲ. ಬಚ್ಚಿಡುವುದೇಕೆ.

ಚೆನ್ನಾಜಿಯ ಗುಡ್ಡ ಎತ್ತರಕ್ಕೆ ಹೋಗಲಿಲ್ಲ. ದಿನಾ ಒಂದಿಷ್ಟು ಹರಿದು, ಹರಿದದ್ದೆಲ್ಲ ದೂರ ಹೋಗಿ ಆರಿ, ಮಗುಚಿಟ್ಟ ತಟ್ಟೆಯ ಹಾಗೆ ಅಗಲಕ್ಕೆ ಬೆಳೆಯಿತು. ಒಳಗಿನ ಉಸಿರು ಗುಳುಗುಳು ಎಂದು ಆಗಿಂದಾಗಲೇ ಹೊರಟುಹೋಗುತ್ತಿತ್ತು. ಆರಿದ ರಸ ಹಗ್ಗ ಸುತ್ತಿಟ್ಟ ಹಾಗೆ ಮಡಿಕೆ ಮಡಿಕೆಯಾಗಿ ಕೂರುವುದನ್ನು ನೋಡಲು ಬೇರೆ ಕೇರಿಯಿಂದಲೂ ಜನ ಬರುತ್ತಿದ್ದರು. ನಮ್ಮತ್ತೆ ಅದರ ಬಿಸಿ ಕಲ್ಲಿನ ಮೇಲೆ ರೊಟ್ಟಿ ಹಾಕುವರು. ನನ್ನ ಯಜಮಾನರು ಬೇಸಾಯ ಮುಗಿಸಿ ಬಂದು, ನಮ್ಮನೆ ಜಗುಲಿ ದಾಟಿ ಹೋಗಿ, ಅಲ್ಲಿ ಬೆನ್ನು ಕಾಯಿಸಿಕೊಳ್ಳುವರು. "ಬೆನ್ನು ಹಿಡ್ಕೊಂಡದೆ ಕಣೇ" ಅನ್ನುವರು. ಬೆನ್ನು ನೀವಲು ನನ್ನ ಕೈಗಳು ಏನಾಗಿದ್ದವು ಎಂದು ನಾನು ಕೇಳಲಿಲ್ಲ. ಸೋಮಕ್ಕನಂತೂ ಬೆಳೆದದ್ದೇ ಅಲ್ಲಿ. ಚೆನ್ನಾಜಿಗೆ ಇಬ್ಬರೂ ಗಂಡುಮಕ್ಕಳು, ಹೆಣ್ಣಿಲ್ಲ. ಎಣ್ಣೆ ಹಾಕಿ ತಲೆ ಬಾಚಿ ಜಡೆ ಹಾಕಲು ನನ್ನ ಮಗಳು ಬೇಕಿತ್ತು. ಸೋಮಕ್ಕ ಸಂಜೆ ಮನೆಗೆ ಬಂದರೆ ಅವಳ ಕೂದಲಲ್ಲಿ ವಾರಗಿತ್ತಿಯ ಮನೆಯ ಎಣ್ಣೆ ವಾಸನೆ. ನಾನು ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆ, ಇನ್ನೂ ಬಿಗಿಯಾಗಿ. "ಅವ್ವಾ, ನೋಯ್ತದೆ" ಅನ್ನುವಳು.

ಚೆನ್ನಾಜಿಯ ಗುಡ್ಡ ಬರೀ ಸುಖದ್ದಾಗಿತ್ತೆಂದಲ್ಲ. ಹರಿಯುವುದಕ್ಕೆ ಅದು ದಾರಿ ಕೇಳುತ್ತಿರಲಿಲ್ಲ. ಒಂದು ಸಲ ಅವಳ ಅಡುಗೆಮನೆಯನ್ನು ನುಂಗಿತು, ಇನ್ನೊಂದು ಸಲ ಕಣವನ್ನು. ನೆಲ ಬಿರುಕು ಬಿಟ್ಟು ದನದ ಕೊಟ್ಟಿಗೆಯ ನಡುವೆಯೇ ರಸ ಎದ್ದದ್ದೂ ಉಂಟು. ನಡೆದುಕೊಂಡು ತಪ್ಪಿಸಿಕೊಳ್ಳುವಷ್ಟು ನಿಧಾನ ಅದು, ಯಾರ ಜೀವಕ್ಕೂ ಬರಲಿಲ್ಲ. ಆದರೆ ಮನೆ ಬಿಚ್ಚಿ ಬೇರೆ ಕಡೆ ಕಟ್ಟುವುದು ಅವಳಿಗೆ ತಪ್ಪಲಿಲ್ಲ. ಹಿತ್ತಿಲ ತಗ್ಗಿನಲ್ಲಿ ಕಣ್ಣಿಗೆ ಕಾಣದ ಕೆಟ್ಟ ಉಸಿರು ನಿಂತು ಕೋಳಿಗಳು ನಿಂತಲ್ಲೇ ಸಾಯುತ್ತಿದ್ದವು. ಅದಕ್ಕೇ ಮಕ್ಕಳನ್ನು ತಗ್ಗಿಗೆ ಬಿಡುತ್ತಿರಲಿಲ್ಲ. ಒಮ್ಮೆ ಅವಳು ನನ್ನ ಹೊಸ್ತಿಲ ಮೇಲೆ ಕೂತು, ಸವೆದ ಮರವನ್ನು ಅಂಗೈಯಲ್ಲಿ ಸವರುತ್ತಾ, "ಅಕ್ಕಾ, ನಿನ್ನ ಹೊಸ್ತಿಲು ಹಾಕಿದ್ದಲ್ಲೇ ಅದೆ" ಅಂದಳು. ಅವಳ ದನಿ ನನಗೆ ಪರಿಚಯದ್ದೇ ಅನ್ನಿಸಿತು. ಆದರೆ ಹೊಟ್ಟೆ ಉರಿಯುವವರಿಗೆ ಇನ್ನೊಬ್ಬರ ಉರಿ ಕಾಣಿಸುವುದು ತಡ. "ಬೇಕಾದ್ರೆ ತಗೊಂಡ್ ಹೋಗು" ಅಂದೆ. ಅವಳು ನಕ್ಕು ಎದ್ದುಹೋದಳು.

ಸೋಮಕ್ಕನನ್ನು ನೋಡಲು ಹಳ್ಳದಾಚೆಯ ಊರಿನಿಂದ ಹಾಲಪ್ಪ ಎಂಬ ಹಿರಿಯರು ಬಂದರು. ಹುಡುಗನ ದೊಡ್ಡಪ್ಪ, ಆ ಮನೆಯಲ್ಲಿ ಅವರ ಮಾತೇ ಮಾತು. ಹುಡುಗಿ ಕೊಟ್ಟ ನೀರು ಕುಡಿದು ನೇರ ಹಿತ್ತಿಲಿಗೆ ಹೋದರು. ನನ್ನ ಗುಡ್ಡದ ಕೆಳಗೆ ಬಹಳ ಹೊತ್ತು ನಿಂತು, ಕತ್ತು ಎತ್ತಿ ನೋಡಿ, ಟವೆಲಿನಿಂದ ಮುಖ ಒರೆಸಿಕೊಂಡರು. ಒಳಗೆ ಬಂದು, "ಹುಡುಗಿ ಒಪ್ಪಿಗೆ. ಹೆಪ್ಪು ಮಾತ್ರ ಒಪ್ಪಿಗೆ ಇಲ್ಲ. ನಮ್ಮದು ತಗ್ಗಿನಾಗಿರೋ ಊರು, ಇಂಥದ್ದನ್ನ ತಲೆ ಮೇಲೆ ಮಡಿಕ್ಕೊಂಡು ನಾವು ಬದುಕಕ್ಕಾಗಲ್ಲ" ಅಂದರು.

ನಾನು ಬಾಗಿಲ ಹಿಂದಿದ್ದೆ. ಆಗ ಚೆನ್ನಾಜಿ ಒಳಗಿಂದ ಬಂದು ಸೆರಗು ಸರಿಮಾಡಿಕೊಂಡು, "ಸೋಮಿ ನಂಗೂ ಮಗಳೇ ಅಲ್ವಾ ಯಜಮಾನ್ರೇ. ಹೆಪ್ಪು ನಾನ್ ಕೊಡ್ತೀನಿ" ಅಂದಳು. ಹಾಲಪ್ಪನ ಮುಖ ಅರಳಿತು. ಎಲ್ಲರ ಮುಖವೂ ಅರಳಿತು.

ಹೆಪ್ಪು ಕೊಡುವುದೆಂದರೆ ಬರೀ ರಸ ಕೊಡುವುದಲ್ಲ. ಯಾರ ಗುಡ್ಡದ ಹೆಪ್ಪೋ ಅವಳೇ ಮದುವೆಯ ದಿನ ಗಡಿಗೆಯನ್ನು ಎತ್ತಬೇಕು. ಅವಳೇ ಊರ ಗಡಿಯವರೆಗೆ ಹೊತ್ತು, ಅಲ್ಲಿ ಮದುಮಗಳ ತಲೆಗೆ ಏರಿಸಬೇಕು. ಗಡಿಗೆ ನೆಲ ಬಿಟ್ಟ ಮೇಲೆ ದಿಬ್ಬಣದಲ್ಲಿ ಯಾರೂ ಕೂತಿರುವಂತಿಲ್ಲ. ಉಣ್ಣುತ್ತಿದ್ದವರೂ ಕೈತೊಳೆಯದೆ ಎದ್ದು ಅದರ ಹಿಂದೆ ನಡೆಯಬೇಕು. ತಾಯಿ ಮಾಡುವ ಕೊನೆಯ ಕೆಲಸ ಅದು. ಅದನ್ನು ನನ್ನ ಮಗಳಿಗೆ ಅವಳು ಮಾಡುತ್ತಾಳೆ, ನಾನು ಹಿಂದೆ ಜನರ ಜೊತೆ ನಡೆಯುತ್ತೇನೆ.

ಬಂದವರು ಹೋದ ಮೇಲೆ ಸೋಮಕ್ಕನನ್ನು ಕರೆದು ಕೇಳಿದೆ. "ನಿಂಗೇನು ಬೇಕು, ಹೇಳು."

"ಚಿಕ್ಕವ್ವಂದೇ ಇರಲಿ ಬಿಡವ್ವ" ಅಂದಳು.

"ಯಾಕೆ? ನಾನು ಹೊತ್ತು ತಂದದ್ದು ನಿಂಗೆ ಬ್ಯಾಡ್ವಾ?"

"ನಿನ್ನ ಹಂಗೆ ಬಾಳಕ್ಕೆ ನನ್ ಕೈಲಾಗಲ್ಲ ಕಣವ್ವ." ಇಷ್ಟು ಹೇಳಿ ಅವಳು ಅತ್ತುಬಿಟ್ಟಳು. ನಾನು ಸಮಾಧಾನ ಮಾಡಬೇಕಿತ್ತು. ಎದ್ದುಹೋಗಿ ಹರಿವಾಣದ ನೀರು ಬದಲಾಯಿಸಿದೆ, ಬದಲಾಯಿಸುವ ಹೊತ್ತೇ ಅಲ್ಲದಿದ್ದರೂ.

ಮದುವೆಯ ಬೆಳಿಗ್ಗೆ ಬಾವಿಯ ನೀರು ಉಗುರುಬೆಚ್ಚಗಿತ್ತು. ಬಾಯಿಗೆ ಹಾಕಿಕೊಂಡರೆ ಹುಳಿ. ಇರುವೆಗಳು ಸಾಲು ಹಿಡಿದು ಮೊಟ್ಟೆ ಹೊತ್ತು ಗೋಡೆ ಇಳಿಯುತ್ತಿದ್ದವು. ಅಡುಗೆಯವರ ಪಾತ್ರೆಗಳು ತಾವಾಗಿಯೇ ಕಿಣಿಕಿಣಿ ಅಂದವು, ಜನ ಅದನ್ನು ಓಲಗದ ಸದ್ದೆಂದುಕೊಂಡರು. ಆದರೆ ನನ್ನ ಗುಡ್ಡದ ನೆತ್ತಿಯ ಹೊಗೆ ನಿಂತುಹೋಗಿತ್ತು. ಬುಸುಗುಟ್ಟುವುದೂ ಇಲ್ಲ. ಚೆನ್ನಾಜಿಯ ಅಂಗಳದ ಚಪ್ಪರದ ಕೆಳಗೆ ಕೂತು ಹಾಲಪ್ಪ ನನ್ನ ಗುಡ್ಡದತ್ತ ಕೈ ತೋರಿಸಿ, "ನೋಡ್ರಪ್ಪಾ, ಮದುವೆ ಅಂತ ಅದಕ್ಕೂ ಗೊತ್ತು. ಎಷ್ಟು ಮರ್ಯಾದೆಯಾಗಿ ಕೂತದೆ!" ಅಂದರು. ಪಂಕ್ತಿಯೆಲ್ಲ ನಕ್ಕಿತು. ನಾನು ಒಲೆಯ ಬಳಿಯಿಂದ ಎದ್ದು ಮನೆಗೆ ಹೋದೆ. ಹರಿವಾಣದ ನೀರು ಎದುರಿನ ಅಂಚು ದಾಟಿ ಚಪ್ಪಡಿಯ ಮೇಲೆ ಚೆಲ್ಲಿತ್ತು.

ಇದೊಂದು ಮಾತು ನೇರ ಹೇಳಿಬಿಡುತ್ತೇನೆ. ಚೆಲ್ಲಿದ ನೀರು ಕಂಡಾಗ ನನಗೆ ಮೊದಲು ಆದದ್ದು ಹೆದರಿಕೆಯಲ್ಲ, ಒಂದು ಚೂರು ಖುಷಿ. ಮದುವೆ ನಿಲ್ಲುತ್ತದೆ, ಗಡಿಗೆ ಏಳುವುದಿಲ್ಲ ಅಂತ. ಆಮೇಲೆ ಹೊಳೆಯಿತು. ಚಪ್ಪರದ ಕೆಳಗೆ ಕೂತಿದ್ದವರಲ್ಲಿ ನನ್ನ ಮಗಳೂ ಇದ್ದಳು. ಅವರು ಹೋಗಲಿರುವ ದಾರಿ ಹಳ್ಳದ ಗುಂಟ.

ಓಡಿಹೋಗಿ ಪಂಕ್ತಿಯ ನಡುವೆ ನಿಂತೆ. "ಏಳಿ ಎಲ್ಲಾ. ಎಲೆ ಬಿಟ್ಟು ಏಳಿ. ದಿಣ್ಣೆ ಹತ್ತಬೇಕು, ಈಗಲೇ. ಗುಡ್ಡ ಒಡೀತದೆ."

ಹಾಲಪ್ಪ ಕಲಸಿದ ಅನ್ನ ಕೈಯಲ್ಲೇ ಹಿಡಿದು, "ಏನಮ್ಮಾ ಬೀಗಿತ್ತಿ, ಉಣ್ಣೋ ಎಲೆ ಮುಂದಿಂದ ಏಳ್ಸೋದು ಯಾವೂರ ಮರ್ಯಾದೆ? ಹೊಗೆನೇ ಇಲ್ಲ, ಅದೇನು ಒಡೀತದೆ?" ಅಂದರು.

"ಹೊಗೆ ಇಲ್ದಿದ್ದಕ್ಕೇ ಹೇಳ್ತಿರೋದು. ಗಂಟಲು ಕಟ್ಕೊಂಡದೆ ಅದಕ್ಕೆ."

ಹಿಂದಿನ ಸಾಲಿನಿಂದ ಯಾರೋ ಮುದುಕಿ, "ಹೆಪ್ಪು ತನ್ನದಲ್ವಲ್ಲ ಅನ್ನೋ ಸಂಕಟ ಕಣ್ರವ್ವ. ಪಾಪ, ಬಿಡಿ. ಉಂಡ್ಕಳಿ, ಉಂಡ್ಕಳಿ" ಅಂದಳು. ಅಲ್ಲಲ್ಲಿ ನಗು ಎದ್ದಿತು. ಕೈಗಳು ಮತ್ತೆ ಎಲೆಗೆ ಹೋದವು. ಯಜಮಾನರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಬಾಸಿಂಗ ಕಟ್ಟಿಕೊಂಡು ಕೂತಿದ್ದ ಸೋಮಕ್ಕ ಕಣ್ಣೀರು ತುಂಬಿಕೊಂಡು, "ಅವ್ವಾ, ಇವತ್ತೊಂದಿನ ಬಿಟ್ಬಿಡು. ಕೈ ಮುಗೀತೀನಿ" ಅಂದಳು. ನಿಜವಾಗಿ ಕೈ ಮುಗಿದಳು.

ಮಗಳು ಕೈ ಮುಗಿದದ್ದನ್ನು ಕಂಡ ಮೇಲೆ ನನಗೆ ನನ್ನ ಮೇಲೇ ಅನುಮಾನ ಬಂತು. ಒಂದು ಚೂರು ಖುಷಿಪಟ್ಟವಳು ನಾನೇ ಅಲ್ಲವೆ. ನೀರು ಚೆಲ್ಲಿದ್ದು ಹೌದೋ, ಇಲ್ಲ ಚೆಲ್ಲಲಿ ಎಂದು ನಾನೇ ಕಂಡುಕೊಂಡೆನೋ.

ಸಾರು ಬಡಿಸುತ್ತಿದ್ದ ಚೆನ್ನಾಜಿ ಸೌಟು ಹಿಡಿದೇ ಹತ್ತಿರ ಬಂದಳು. ನನ್ನ ಮುಖ ನೋಡಿದಳು. "ಅಕ್ಕಾ, ಬಾವಿ ನೀರು?"

"ಬೆಳಗ್ಗೆಯಿಂದ ಬಿಸಿ. ಹುಳಿ."

"ಹರಿವಾಣ?"

"ಚೆಲ್ಕೊಂಡದೆ ಕಣೇ."

ಅವಳು ಸೌಟನ್ನು ಕೊಳದಪ್ಪಲೆಯೊಳಗೆ ಬಿಟ್ಟಳು. ಪಂಕ್ತಿಯ ಕಡೆ ತಿರುಗಿ ಗಟ್ಟಿಯಾಗಿ, "ನಮ್ಮಕ್ಕ ನನ್ನ ಕಂಡ್ರೆ ಉರೀತಾಳೆ. ಊರಿಗೆಲ್ಲ ಗೊತ್ತಿರೋ ವಿಷಯ, ನಂಗೂ ಗೊತ್ತು. ಆದ್ರೆ ನನ್ನ ಮಕ್ಳು ಕೋಳಿ ಸಾಯೋ ತಗ್ಗಿಗೆ ಇಳಿದಾಗ ಕಿವಿ ಹಿಡಿದು ಎಳ್ಕೊಂಡ್ ಬಂದೋಳೂ ಇವಳೇ. ಇವಳು ಉರ್ಕೊಳ್ಳೋದು ಮಾತಲ್ಲಿ, ಗುಡ್ಡದ ವಿಷಯಕ್ಕೆ ಸುಳ್ಳು ಸೇರಿಸೋಳಲ್ಲ" ಅಂದಳು. ಆಮೇಲೆ ಯಾರ ಉತ್ತರಕ್ಕೂ ಕಾಯದೆ ಹಸೆಯ ಪಕ್ಕದಲ್ಲಿ ಬೂದಿ ಮುಚ್ಚಿಟ್ಟಿದ್ದ ಗಡಿಗೆಗೆ ಕೈ ಹಾಕಿ, ಒಂದೇ ಸಲಕ್ಕೆ ತಲೆಗೆ ಎತ್ತಿಕೊಂಡಳು.

ಗಡಿಗೆ ನೆಲ ಬಿಟ್ಟಿತು. ಇನ್ನು ಕೂತಿರುವಂತಿಲ್ಲ. ಹಾಲಪ್ಪ ಬಾಯಲ್ಲಿದ್ದ ತುತ್ತು ನುಂಗಿ ಎದ್ದರು. ಗೊಣಗುತ್ತಲೇ ಎಲ್ಲರೂ ಎದ್ದರು. ಮುದುಕಿಯನ್ನು ಯಾರೋ ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ನಾನು ಹತ್ತು ಸಲ ಕೂಗಿದ್ದರೂ ಆಗದ ಕೆಲಸವನ್ನು ಅವಳು ಬಾಯಿ ತೆರೆಯದೆ ಮಾಡಿದಳು. ಆ ಗಡಿಬಿಡಿಯಲ್ಲೂ ನನಗೆ ಅದು ಚುಚ್ಚಿತು.

ಹೊರಗೆ ಬಂದವಳು ವಾಡಿಕೆಯ ದಾರಿಗೆ, ಹಳ್ಳದ ಕಡೆ ತಿರುಗಿದಳು. ಗಡಿಗೆ ಯಾವಾಗಲೂ ಹೋಗುವುದು ಅದೇ ದಾರಿಯಲ್ಲಿ. ನಾನು ಅಡ್ಡ ನಿಂತೆ. "ಹಳ್ಳ ಬ್ಯಾಡ ಚೆನ್ನಿ. ಅದು ಓಡೋದೇ ಹಳ್ಳ ಹಿಡಿದು. ಗಾಳಿ ಬರೋ ಕಡೆ ನಡಿ, ದಿಣ್ಣೆಗೆ." ಅವಳು ಯಾಕೆಂದು ಕೇಳಲಿಲ್ಲ, ವಾದಿಸಲಿಲ್ಲ, ತಿರುಗಿದಳು. ನಾನು ಮುಂದೆ, ನನ್ನ ಹಿಂದೆ ಗಡಿಗೆ, ಅದರ ಹಿಂದೆ ಇಡೀ ದಿಬ್ಬಣ, ಓಲಗದವರೂ ಸಹ. ಅವಳ ಗುಡ್ಡದ ಹಳೆಯ ಕಪ್ಪುಕಲ್ಲಿನ ಮಡಿಕೆಗಳ ಮೇಲೆ ಎಡವುತ್ತಾ ದಿಣ್ಣೆ ಹತ್ತಿದೆವು. ಏರು ಬಂದಾಗ ಅವಳ ಕೊರಳು ಬಳುಕಿ ರಸ ತುಳುಕಿತು, ಹೆಗಲ ಮೇಲೆ ಬಿತ್ತು. ಅವಳು ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. "ಕೊಡು ಇಲ್ಲಿ" ಅಂದೆ. "ನಿಂದಲ್ಲವಲ್ಲ ಅಕ್ಕ" ಅಂದಳು. ಪದ್ಧತಿಯ ಮಾತು ಅದು, ಚುಚ್ಚಬೇಕೆಂದು ಅಂದದ್ದಲ್ಲ. ಆದರೂ.

ನಾವು ದಿಣ್ಣೆಯ ನೆತ್ತಿ ಮುಟ್ಟಿದ್ದೆವು, ಕೊನೆಯವರು ಇನ್ನೂ ಏರಿನಲ್ಲಿದ್ದರು. ಆ ಸದ್ದಿಗೆ ಮೊದಲು ಕಿವಿಯೇ ಹೊರಟುಹೋಯಿತು. ತಿರುಗಿ ನೋಡಿದರೆ ಗುಡ್ಡದ ನೆತ್ತಿಯ ಬೋಗುಣಿ ಇರಲಿಲ್ಲ. ಅಲ್ಲಿಂದ ಬೂದುಬಣ್ಣದ ಕಂಬ ಆಕಾಶಕ್ಕೆ ಏರಿ ಛತ್ರಿಯ ಹಾಗೆ ಬಿಚ್ಚಿಕೊಂಡಿತು. ಅದರ ಬುಡ ಕುಸಿದು ಇಳಿಜಾರು ಹಿಡಿಯಿತು. ಚಪ್ಪರ, ಹಸೆ, ಬಡಿಸಿದ ಎಲೆಗಳು, ನನ್ನ ಮನೆ, ಅವಳ ಮನೆ ಎಲ್ಲ ಒಂದು ಉಸಿರಿನಲ್ಲಿ ಮುಚ್ಚಿಹೋದವು. ಮೋಡ ಹಳ್ಳಕ್ಕೆ ಇಳಿದು ನಾವು ಹೋಗಬೇಕಿದ್ದ ದಾರಿಯಲ್ಲೇ ಓಡಿತು, ಮದುವೆಗೆ ತಡವಾದವರ ಹಾಗೆ. ಆಮೇಲೆ ನಡುಹಗಲಲ್ಲಿ ಕತ್ತಲಾಯಿತು. ತೇಲುಗಲ್ಲಿನ ಬಿಸಿ ಮಳೆ. ಮೊರ, ಪಾತ್ರೆಯ ಮುಚ್ಚಳ, ಜಮಖಾನೆ, ಸಿಕ್ಕಿದ್ದನ್ನು ತಲೆ ಮೇಲೆ ಹಿಡಿದು ಕೂತೆವು. ಹಾಲಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಎಂಜಲು ಕೈ ಒಣಗಿ ಬೆರಳಿಗೆ ಅನ್ನ ಅಂಟಿಕೊಂಡೇ ಇತ್ತು.

ಎಲ್ಲರೂ ಉಳಿದೆವು. ಊರಿನ ಉಳಿದ ಕೇರಿಗಳಿಗೆ ಬೂದಿ ಬಿತ್ತೇ ಹೊರತು ಬೆಂಕಿ ಹೋಗಲಿಲ್ಲ. ಆದರೆ ಚೆನ್ನಾಜಿ ಗಡಿಗೆಯನ್ನು ಇಳಿಸಿ ಬೂದಿ ಸರಿಸಿ ನೋಡಿದಾಗ ರಸ ಕಪ್ಪಾಗಿತ್ತು. ತೆಳು ರಸ ಬೇಗ ಆರುತ್ತದೆ. ಊದಿದಳು, ಮತ್ತೆ ಊದಿದಳು. ಗಡಿಗೆ ಬಿರುಕುಬಿಟ್ಟು ಚಿಪ್ಪು ಚಿಪ್ಪಾಗಿ ಉದುರಿತು, ಒಳಗೆ ಗಡಿಗೆಯ ಆಕಾರದ್ದೇ ಒಂದು ಕಲ್ಲು. ಕೆಳಗೆ ಅವಳ ಗುಡ್ಡ ಎಲ್ಲಿತ್ತೆಂದು ಗುರುತು ಹಿಡಿಯಲೂ ಆಗುತ್ತಿರಲಿಲ್ಲ. ಬೂದಿ ಅದರ ಬಾಯಿ ಮುಚ್ಚಿತ್ತು. ಅವಳು ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೇ ಇದ್ದಳು. ಆಮೇಲೆ ಮಳೆ ಬಂತು, ಬೂದಿಯೆಲ್ಲ ಕೆಸರಾಗಿ, ಬಂಡೆಗಳನ್ನು ಬೆಂಡಿನ ಹಾಗೆ ಹೊತ್ತುಕೊಂಡು ಹಳ್ಳದಲ್ಲಿ ಇಳಿಯಿತು. ದಿಣ್ಣೆಯ ಮೇಲೆ ಗುಡಿಸಲು ಹಾಕಿಕೊಂಡೆವು.

ನೆಂಟರು ತಮ್ಮೂರಿಗೆ ಹೊರಡುವ ದಿನ ಹಾಲಪ್ಪ ನನ್ನ ಮುಂದೆ ಬಂದು ನಿಂತರು. ಮೊದಲಿನ ದನಿ ಇರಲಿಲ್ಲ. "ಅಮ್ಮಾ, ಹೆಪ್ಪು ಯಾವುದಾದ್ರೂ ಸರಿ, ನಿಮ್ಮದಾದ್ರೂ ಸರಿ. ಬರಿದಲೆಯಲ್ಲಿ ಮಾತ್ರ ಹುಡುಗಿ ನಮ್ಮ ಹೊಸ್ತಿಲು ದಾಟಂಗಿಲ್ಲ. ಗಡಿಗೆ ತುಂಬಿಸಿ ಕಳಿಸಿ" ಎಂದು ಹೇಳಿ ಹೋದರು.

ಸೋಮಕ್ಕ ಬಂದಳು. ತಲೆ ಬಾಚಿರಲಿಲ್ಲ. "ಅವ್ವಾ, ನಿಂದೇ ಕೊಡು" ಅಂದಳು.

ನಾನು ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು. ಹಸಿ ಮರದ ಸೌಟು, ಹೊಸ ಗಡಿಗೆ ತೆಗೆದುಕೊಂಡು ದಿಣ್ಣೆ ಇಳಿದೆ. ನನ್ನ ಗುಡ್ಡ ಅರ್ಧ ಒಡೆದ ಮಡಕೆಯ ಹಾಗೆ ಒಂದು ಕಡೆ ಬಾಯಿ ತೆರೆದು ನಿಂತಿತ್ತು. ಬೂದಿಯೊಳಗೆ ಕಾಲು ಹೂತುಕೊಂಡು ಒಳಗೆ ಹೋದೆ. ತಳದಲ್ಲಿ ಆಗಲೇ ಹೊಸ ಮುದ್ದೆ ಏಳುತ್ತಿತ್ತು, ಮಂಕು ಕೆಂಪು, ಮೇಲೆ ತೊಗಟೆ ಕಟ್ಟಿಕೊಂಡು. ಅದು ಮತ್ತೆ ಉಸಿರು ಹಿಡಿಯಲು ಶುರುಮಾಡಿತ್ತು. ಸೌಟು ಚಾಚಿದೆ. ಹಾಲಪ್ಪನ ಊರು ತಗ್ಗಿನಲ್ಲಿದೆ ಎಂಬುದು ನೆನಪಾಯಿತು. ಅಲ್ಲಿ ಹತ್ತಲು ದಿಣ್ಣೆ ಇಲ್ಲ. ನನ್ನ ಮಗಳು ಬೆಳಿಗ್ಗೆ ಎದ್ದು, ಕೂಸನ್ನು ಬಗಲಲ್ಲಿಟ್ಟುಕೊಂಡು, ಮೊದಲು ನೀರಿನ ಅಂಚು ನೋಡುವುದು ಕಣ್ಣಿಗೆ ಕಟ್ಟಿತು. ಅವಳ ಮಗಳಿಗೂ ಅದನ್ನೇ ಕಲಿಸುವುದು ಕಂಡಿತು. ಸೌಟಿನ ತುದಿ ಕರಕಲಾಗುವವರೆಗೆ ನಿಂತಿದ್ದೆ. ಬರಿಗಡಿಗೆ ಹಿಡಿದು ವಾಪಸು ಹತ್ತಿದೆ.

ಚೆನ್ನಾಜಿ ಹೆಗಲಿಗೆ ಬೆಣ್ಣೆ ಸವರಿಕೊಂಡು ಮಲಗಿದ್ದಳು. ಗಡಿಗೆಯೊಳಗೆ ಇಣುಕಿ, "ಯಾಕಕ್ಕಾ?" ಅಂದಳು.

"ನಿಮ್ಮ ತವರಿಗೆ ಯಾವ ಕಡೆಯಿಂದ ಹೋಗ್ಬೇಕು, ಹೇಳು" ಅಂದೆ.

ಅವಳು ನನ್ನನ್ನೇ ನೋಡಿದಳು. "ಅಲ್ಲಿ ಹೊರಗಿನೋರಿಗೆ ಕೊಡಲ್ಲ ಕಣಕ್ಕ. ನಮ್ಮವ್ವ ಒಪ್ಪಲ್ಲ" ಅಂದಳು. "ದಾರಿ ಹೇಳು" ಅಂದೆ.

ಕಪ್ಪುಕಲ್ಲಿನ ಸೀಮೆಯಲ್ಲಿ ಎಲ್ಲ ಮನೆಯ ಹಿಂದೆಯೂ ಹೊಂಬಣ್ಣ ಹರಿಯುತ್ತಿತ್ತು. ಹೆಂಗಸರು ಅದರ ದಡದಲ್ಲಿ ಕೂತು ಹೇನು ತೆಗೆಯುತ್ತಿದ್ದರು, ನಗುತ್ತಿದ್ದರು. ಒಂದೂರಿಗೆ ಊರೇ ಹೀಗೆ ಬದುಕುವುದನ್ನು ನೋಡುತ್ತಾ ನಡೆಯುವುದು ನನಗೆ ಸುಲಭವಾಗಿರಲಿಲ್ಲ. ಚೆನ್ನಾಜಿಯ ತಾಯಿ ಕಣ್ಣು ಮಂಜಾದ ಮುದುಕಿ. ಗಡಿಗೆಯನ್ನು ಕೈಯಿಂದ ಸವರಿ ನೋಡಿ, "ಯಾರಿಗವ್ವಾ ಹೆಪ್ಪು? ನಮ್ಮ ಗುಡ್ಡದ್ದು ನಮ್ಮ ಹೆಣ್ಣುಮಕ್ಕಳಿಗೆ, ಅವರ ಹೆಣ್ಣುಮಕ್ಕಳಿಗೆ. ಬೇರೆಯೋರಿಗೆ ಇಲ್ಲ" ಅಂದಳು.

"ಚೆನ್ನಾಜಿ ಮಗಳಿಗೆ" ಅಂದೆ.

"ಚೆನ್ನಿಗೆ ಎರಡೂ ಗಂಡಲ್ವಾ?"

"ಇದಾಳೆ ಒಬ್ಳು. ಸೋಮಕ್ಕ ಅಂತ. ಚೆನ್ನಿನೇ ಸಾಕಿದ್ದು, ಅವಳೇ ಜಡೆ ಹಾಕಿದ್ದು. ಹೆಪ್ಪಿಗೆ ಅವಳೇ ತಾಯಿ."

ಮುದುಕಿ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದಳು. "ನೀನು ಏನಾಗ್ಬೇಕು ಆ ಹುಡುಗಿಗೆ?"

"ದೊಡ್ಡವ್ವ" ಅಂದೆ.

ಅವಳು ಎದ್ದು ಗಡಿಗೆ ತುಂಬಿಸಿಕೊಟ್ಟಳು. ದಾರಿಯುದ್ದಕ್ಕೂ ಎಲ್ಲೆಲ್ಲಿ ಗುಡ್ಡಗಳ ಕಾವು ಸಿಕ್ಕೀತೋ ಅಲ್ಲೆಲ್ಲ ನಿಂತು, ಮತ್ತೆ ಕಾಯಿಸಿಕೊಂಡು, ಆರದ ಹಾಗೆ ತಂದೆ. ಊರ ಗಡಿಯಲ್ಲಿ ಚೆನ್ನಾಜಿ ಗಾಯದ ಹೆಗಲಲ್ಲೇ ಅದನ್ನು ಎತ್ತಿ ಸೋಮಕ್ಕನ ತಲೆಗೆ ಏರಿಸಿದಳು. ನಾನು ಜನರ ಜೊತೆ ಹಿಂದೆ ನಿಂತಿದ್ದೆ. ಅವಳ ತವರಿನಲ್ಲಿ ನಾನಾಡಿದ ಮಾತನ್ನು ಚೆನ್ನಾಜಿಗೆ ಯಾರೋ ಮುಟ್ಟಿಸಿದ್ದಾರೆ. ಅವಳು ಒಂದು ದಿನವೂ ಅದನ್ನು ಎತ್ತಿಲ್ಲ. ಈಗ ನಾವಿಬ್ಬರೂ ದಿಣ್ಣೆಯ ಮೇಲೆ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ. ಒಡೆದದ್ದು ನನ್ನ ಗುಡ್ಡ, ಆದರೆ ಬೂದಿ ಹದವಾಗಿ ಬಿದ್ದದ್ದು ಅವಳ ಹೊಲಕ್ಕೆ. ಅಲ್ಲೀಗ ಬೀಜ ಚೆಲ್ಲಿದರೆ ಸಾಕು, ಆಳೆತ್ತರ ಬೆಳೆ. ನನ್ನ ಹೊಲದಲ್ಲಿ ಬಂಡೆ. ಅದಕ್ಕೂ ನಾನು ಉರಿದುಕೊಳ್ಳುತ್ತಲೇ ಇದ್ದೇನೆ. "ಬಾರಕ್ಕ, ನಿಂದೇ ಬೂದಿ, ಅರ್ಧ ಕುಯ್ಕೊಂಡ್ ಹೋಗು" ಅನ್ನುತ್ತಾಳೆ. ಹೋಗಿ ಕುಯ್ದುಕೊಂಡೂ ಬರುತ್ತೇನೆ.

ಈಚೆಗೆ ಸೋಮಕ್ಕನ ಮನೆಗೆ ಹೋಗಿದ್ದೆ. ಅವಳ ಗುಡ್ಡ ಸೂರಿಗಿಂತ ತಗ್ಗು, ಅಗಲಕ್ಕೆ ಹರಡಿಕೊಂಡಿದೆ. ಹಿತ್ತಿಲ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದಂತೆ. ಪಕ್ಕದ ಮನೆಯವಳು ಬಂದು, "ಇಂಥ ಹೆಪ್ಪು ಕೊಟ್ಟೋಳು ಪುಣ್ಯವಂತೆ. ನೀವೇನಾ?" ಅಂದಳು. "ಅಲ್ಲ, ನಮ್ಮ ಚಿಕ್ಕವ್ವ" ಅಂದಳು ಸೋಮಕ್ಕ, ನನಗಿಂತ ಮೊದಲು. ಮಧ್ಯಾಹ್ನ ಉಂಡಾದ ಮೇಲೆ ಅವಳು ಕೂಸನ್ನು ಪಕ್ಕಕ್ಕೆ ಹಾಕಿಕೊಂಡು, ಬರಿನೆಲದ ಮೇಲೆ, ಸೆರಗು ಜಾರಿದ್ದೂ ತಿಳಿಯದೆ ನಿದ್ದೆಹೋದಳು. ಹೊರಗೆ ಗುಳುಗುಳು ಸದ್ದು. ಅವಳ ಬಾಯಿ ಅರೆ ತೆರೆದಿತ್ತು, ಕೈಕಾಲು ಬಿಟ್ಟ ಜಾಗದಲ್ಲಿ ಬಿದ್ದಿದ್ದವು. ನಾನು ಹುಟ್ಟಿದಂದಿನಿಂದ ಹಾಗೆ ಮಲಗಿದವಳಲ್ಲ. ಹೆತ್ತ ಮಗಳ ನಿದ್ದೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಬೇರೆ ಹೆಸರಿಲ್ಲ ಅದಕ್ಕೆ. ಒಂದು ನೊಣ ಬಂದು ಅವಳ ಕೆನ್ನೆಯ ಮೇಲೆ ಕೂತಿತು. ಎಚ್ಚರಾದಾಳೆಂದು ಸೆರಗಿನಿಂದ ಮೆಲ್ಲಗೆ ಓಡಿಸಿದೆ. ಮತ್ತೆ ಬಂತು, ಮತ್ತೆ ಓಡಿಸಿದೆ. ಬಿಸಿಲು ಇಳಿಯುವವರೆಗೂ ಹಾಗೇ ಬೀಸುತ್ತಾ ಕೂತಿದ್ದೆ.